ಬೋರ್ಡಿಗೆ ಬೆನ್ನು ಕೊಟ್ಟು ನಿಂತವನು

ಮಾದಪ್ಪ, ಆ ಬೆಳಗಿನ ಜಾವ ವ್ಯಾನ್ ಓಡಿಸುತ್ತಿದ್ದವನು ನಾನು. ಇದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ — ಅದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಈ ತಮಿಳು ಸೀಮೆಗೆ ಬಂದು ಕೋಯಂಬೇಡು ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಸ್ವಂತ ಈರುಳ್ಳಿ ಮಂಡಿ ಮಾಡಿದವನು ನಾನು. ಯಾರ ಮುಂದೆಯೂ ಕೈ ಚಾಚಿದವನಲ್ಲ — ಆ ಜಂಬ ಇತ್ತು. ಲೈಸೆನ್ಸ್ ಇರಲಿಲ್ಲ, ಆದರೂ ಡ್ರೈವರಾದ ನಿನ್ನನ್ನು ಪಕ್ಕಕ್ಕೆ ಕೂರಿಸಿ ನಾನೇ ಓಡಿಸುತ್ತಿದ್ದೆ. ಸೈಕಲ್ಲಿನಲ್ಲಿ ಹಾಲು ತರುತ್ತಿದ್ದ ಮುದುಕ ಅಡ್ಡ ಬಂದ ಅಂತ ಎಲ್ಲರಿಗೂ ಹೇಳಿದೆವು. ಅವನು ಅಡ್ಡ ಬರಲಿಲ್ಲ. ತನ್ನ ಪಾಡಿಗೆ ರಸ್ತೆಯ ಅಂಚಿನಲ್ಲೇ ಹೋಗುತ್ತಿದ್ದ. ನಾನೇ ಗುದ್ದಿದೆ. ಆಸ್ಪತ್ರೆಯಲ್ಲಿ ತೀರಿಕೊಂಡ.

ನಮ್ಮ ಮಂಡಿಯವರಲ್ಲಿ ಒಂದು ವಾಡಿಕೆ — ಗಾಡಿ ಕೇಸಾದರೆ ಯಜಮಾನ ಹೋಗುವುದಿಲ್ಲ, ಡ್ರೈವರ್ ಹೋಗಿ ನಿಲ್ಲುತ್ತಾನೆ. ಕಾನೂನು ಅಂದರೆ ಅದೇ ಅಂತ ನಂಬಿದ್ದೆ.

"ಒಪ್ಕೊಂಡ್ಬಿಡು ಮಾದಪ್ಪ. ಫೈನ್ ಹಾಕಿ ಬಿಟ್ಬಿಡ್ತಾರೆ," ಅಂದೆ.

"ಒಳಗೆ ಹಾಕುದ್ರೆ ನನ್ ಹೆಂಡ್ತಿ ನಿಮ್ಮನೆ ಮುಂದೇನೇ ಒಲೆ ಹೂಡ್ತಾಳೆ, ನೋಡ್ಕಳಿ ಅಣ್ಣ," ಅಂತ ನೀನು ನಕ್ಕಿದ್ದೆ.

ಅಲ್ಲಿಯವರೆಗೆ, ತಿಳಿಯದೆ ಮಾಡಿದೆ ಅನ್ನಬಹುದಿತ್ತು. ಆದರೆ ಕೋರ್ಟಿನ ವರಾಂಡದಲ್ಲಿ ತಮಿಳಿನ ಒಂದು ಬೋರ್ಡಿತ್ತು. ವಕೀಲರನ್ನು ಇಡಲು ಶಕ್ತಿಯಿಲ್ಲದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಎದುರಿನ ಕೋಣೆಯಲ್ಲಿ ಕೇಳಿ ಅಂತ. ಮತ್ತೆ ಮತ್ತೆ ಓದಿದೆ. ನಿನಗೆ ವಕೀಲರು ಸಿಕ್ಕರೆ ಅವರು ಮೊದಲು ಕೇಳುವುದೇ — ಓಡಿಸಿದ್ದು ಯಾರು?

ನೀನು ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಕಲಿತವನು. ಅಕ್ಷರ ಕಂಡಲ್ಲೆಲ್ಲ ಕೂಡಿಸಿ ಓದುವವನು. ನೀನು ಟೀ ಹಿಡಿದು ಬರುತ್ತಿದ್ದೆ. ನಾನು ಆ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ನಿನ್ನ ಹೆಸರು ಕೂಗುವವರೆಗೂ ಕದಲಲಿಲ್ಲ.

ಒಪ್ಪಿಕೊಂಡರೆ ಜೈಲಾಗಬಹುದು, ತಿಳಿದೇ ಹೇಳುತ್ತಿದ್ದೀಯಾ ಎಂದು ಜಡ್ಜ್ ಕೇಳಿದರು. ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ತಲೆಯಾಡಿಸಿದೆ.

"ಆಮಾಂಗ ಅಯ್ಯಾ," ಹೌದು ಸ್ವಾಮಿ ಅಂತ ತಮಿಳಿನಲ್ಲೇ ಅಂದುಬಿಟ್ಟೆ ನೀನು.

ಜೈಲಾಯಿತು. ನಿನ್ನ ಲೈಸೆನ್ಸೂ ಹೋಯಿತು. ಹೊರಗೆ ಬಂದು ನೀನು ನನ್ನ ಮಂಡಿಯಲ್ಲೇ ಮೂಟೆ ಹೊತ್ತೆ. "ಜೈಲಾಯ್ತದೆ ಅಂತ ಅಣ್ಣಂಗೂ ಗೊತ್ತಿರ್ಲಿಲ್ಲ, ಪಾಪ" ಅಂತ ನೀನು ಜನರಿಗೆ ಹೇಳುವಾಗ ನಾನು ತಕ್ಕಡಿಯ ಕಡೆ ನೋಡುತ್ತಿದ್ದೆ —

ಓದಿದವನಲ್ಲ ಅನ್ನುವುದು ನನಗೆ ನೆಪವಾಗಲಾರದು. ಓದಬೇಕಾದದ್ದನ್ನು ಓದಿದ್ದೆ.

ಮೊನ್ನೆ ವಕೀಲರೊಬ್ಬರನ್ನು ಕಂಡೆ. ಈಗ ಹೇಳಿದರೆ ಕೇಸು ನನ್ನ ಮೇಲೆ ಬರುತ್ತದೆ ಅಂದರು. ಬರಲಿ. ಸುಳ್ಳೇ ತಪ್ಪೊಪ್ಪಿಕೊಂಡದ್ದಕ್ಕೆ ಕೋರ್ಟು ನಿನ್ನನ್ನೂ ಕೇಳಬಹುದಂತೆ. ಅದಕ್ಕೇ ಇದನ್ನು ಮೊದಲು ನಿನಗೆ ಬರೆಯುತ್ತಿದ್ದೇನೆ. ನಾನು ಹೇಳಿಕೆ ಕೊಟ್ಟೇ ಕೊಡುತ್ತೇನೆ. ಅದಕ್ಕೂ ಮುಂಚೆ ನೀನು ಹೋಗಿ ನಿನ್ನದೇ ಒಬ್ಬ ವಕೀಲರನ್ನು ಕೇಳು, ಮಾದಪ್ಪ — ನನ್ನ ಮಾತು ನಂಬಬೇಡ.