ಕೊಲೆಗಾರ ಯಾರೆಂದು ನಾಡಿದ್ದು ಹೇಳುವ ಆಯಾ

ವಾರಕ್ಕೊಮ್ಮೆಯಾದರೂ ಬೆಳಗಿನ ಆರೂಕಾಲಿಗೆ ಈ ಕೋಣೆಯಲ್ಲಿ ಒಂದು ಕೊಲೆಯಾಗುತ್ತದೆ. ಹನ್ನೆರಡು ಮಂದಿ ಕಣ್ಣಾರೆ ಕಂಡಂತೆ ಕೇಳುತ್ತಾರೆ. ಒಬ್ಬರೂ ಎದ್ದು ಓಡುವುದಿಲ್ಲ. ಓಡುವಂತೆಯೂ ಇಲ್ಲ, ಒಬ್ಬೊಬ್ಬರ ತೋಳಿಗೂ ಒಂದೊಂದು ಯಂತ್ರದ ಕೊಳವೆ ಅಂಟಿಕೊಂಡಿದೆ. ಪತ್ರಿಕೆಗೆ ಬರೆಯಲು ಬಂದ ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದೇನೆ, ಉಪ್ಪುಖಾರ ಹಚ್ಚಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಉಪ್ಪು ಯಾರಿಗೂ ಆಗಿಬರುವುದೂ ಇಲ್ಲ.

ಕೊಲೆ ಮಾಡಿಸುವವರು ಇಲ್ಲಿನ ಆಯಾ. ನೀಲಿ ಏಪ್ರನ್, ಮೂಗಿನ ತುದಿಗೆ ಜಾರಿದ ಕನ್ನಡಕ. ಕೈಯಲ್ಲಿ ಇತ್ತೀಚೆಗಷ್ಟೇ ಅಂಗಡಿಗೆ ಬಂದ ಪತ್ತೇದಾರಿ ಕಾದಂಬರಿ, ಮುಗಿಯಲು ಒಂದೇ ಅಧ್ಯಾಯ ಬಾಕಿ. ಐದು ಗಂಟೆಗೇ ಬಂದು ಹನ್ನೆರಡು ಒರಗುಕುರ್ಚಿ ಒರೆಸಿ, ಹಾಸು ಬದಲಿಸಿ, ಬಂದವರನ್ನೆಲ್ಲ ತೂಕದ ಯಂತ್ರ ಹತ್ತಿಸಿ ಇಳಿಸಿದ್ದಾಗಿದೆ. ನರ್ಸುಗಳು ಸೂಜಿ ಹಾಕಿದ ಮೇಲೆ ನಡುವಿನ ಸ್ಟೂಲಿನಲ್ಲಿ ಕೂತರೆಂದರೆ ಓದು ಶುರು. ನಾಲ್ಕು ತಾಸಿನ ಪಾಳಿಯಲ್ಲಿ, ಕೆಲಸದ ನಡುನಡುವೆ, ನಲವತ್ತು ಪುಟ. ನಾಯಕಿಗೆ ಹೆಡ್ ನರ್ಸಿನ ದನಿ, ಖಳನಿಗೆ ದೊಡ್ಡ ಡಾಕ್ಟರ ಕೆಮ್ಮು. ಕುತೂಹಲ ನೆತ್ತಿಗೇರುವ ಹೊತ್ತಿಗೆ ಪುಸ್ತಕ ಮಡಚಿ, "ಉಳಿದದ್ದು ನಾಡಿದ್ದು" ಎಂದು ಎದ್ದುಬಿಡುತ್ತಾರೆ. ಇಲ್ಲಿನವರ ಪಾಳಿ ದಿನ ಬಿಟ್ಟು ದಿನ, ಹಾಗಾಗಿ ಬಿದ್ದ ಹೆಸರು ನಾಡಿದ್ದಕ್ಕ.

ಓದುವುದಷ್ಟೇ ಅಲ್ಲ, ತೀರ್ಪೂ ಕೊಡುತ್ತಾರೆ. ಈ ವರ್ಷದ ಪ್ರೇಮಕಾದಂಬರಿಗಳ ಬಗ್ಗೆ ಅವರಿಗೆ ಅಷ್ಟಕ್ಕಷ್ಟೆ.

"ನಾಯಕಿ ಮೂರ್ಛೆ ಹೋಗ್ತಾಳೆ. ನಾಯಕ ಅವಳನ್ನ ಎತ್ಕೊಂಡು ಮೂರು ಮಹಡಿ ಹತ್ತುತ್ತಾನೆ, ಏದುಸಿರೂ ಬರಲ್ವಂತೆ! ನಾನು ದಿನಾ ಜನರನ್ನ ಎತ್ತೋಳು. ಕುರ್ಚಿಯಿಂದ ಗಾಲಿಕುರ್ಚಿಗೆ ಸಾಗಿಸೋಷ್ಟರಲ್ಲೇ ಸೊಂಟ ಹಿಡ್ಕೊಳ್ಳುತ್ತೆ. ಬರೆಯೋರು ಒಂದು ಸಿಮೆಂಟ್ ಮೂಟೆನಾದ್ರೂ ಎತ್ತಿ ನೋಡ್ಬೇಕು."

ಹಾಗಾದರೆ ಪ್ರೇಮ ಯಾವುದು? ಅವರ ಬೆರಳು ಗಾಜಿನ ಬಾಗಿಲಾಚೆಯ ಬೆಂಚಿನತ್ತ ಹೋಗುತ್ತದೆ. "ಹಸಿರು ಸ್ವೆಟರ್ ಹಾಕ್ಕೊಂಡು ತೂಕಡಿಸ್ತಿದ್ದಾರಲ್ಲ, ಆರು ವರ್ಷದಿಂದ ಗಂಡನ ಊಟದ ಡಬ್ಬಿ ಹಿಡ್ಕೊಂಡು ಬರ್ತಾರೆ. ದಾರಿಯುದ್ದಕ್ಕೂ ಇಬ್ರಿಗೂ ಜಗಳ. ಅದನ್ನ ಬರೀಲಿ, ಎರಡು ಸಲ ಓದ್ತೀನಿ."

ಪತ್ತೇದಾರಿಗಳ ಮೇಲೆ ಪ್ರೀತಿ ಜಾಸ್ತಿ, ಆದರೆ ಒಂದು ತಕರಾರು. "ಹಾಲ್ ತುಂಬ ರಕ್ತ ಅಂತಾರೆ. ಮಾರನೇ ದಿನ ಅಲ್ಲೇ ಕೂತು ಕಾಫಿ ಕುಡೀತಾರೆ. ನೆಲ ಒರೆಸಿದ್ದು ಯಾರು ಸ್ವಾಮಿ? ಅವಳನ್ನ ಒಂದು ಮಾತು ಕೇಳಿದ್ರೆ ಇಪ್ಪತ್ತನೇ ಪುಟಕ್ಕೇ ಕಳ್ಳ ಸಿಕ್ಕಿಬೀಳ್ತಿದ್ದ!"

ಹೆಡ್ ನರ್ಸಿನ ವಿಮರ್ಶೆ ಬೇರೆ ಥರ. "ಕಥೇಲಿ ಮುತ್ತು ಕೊಟ್ರೆ ಇಲ್ಲಿ ಯಾರಿಗೂ ಏನೂ ಆಗಲ್ಲ. ಆಸ್ತಿ ಪತ್ರ ಕಳೆದ್ರೆ ಮಾತ್ರ ಎಲ್ಲರ ಬಿಪಿನೂ ಏರುತ್ತೆ."

ಹದಿನಾಲ್ಕು ವರ್ಷದ ಹಿಂದೆ ಆಯಾ ಕೂಡ ರೋಗಿಯ ಕಡೆಯವರಾಗಿ ಬಂದವರೇ. ಗಂಡ ಬಸ್ ಮೆಕ್ಯಾನಿಕ್, ಎಂಟನೇ ಕುರ್ಚಿ. ಹೊತ್ತು ಹೋಗಲೆಂದು ಪಕ್ಕದಲ್ಲಿ ಕೂತು ಓದುತ್ತಿದ್ದರು. "ಅವರು ಹೋದಾಗ ಮೂವತ್ತೆರಡು ಪುಟ ಬಾಕಿ ಇತ್ತು. ವಾರ ಬಿಟ್ಟು ಅವರ ಹೊದಿಕೆ ತಗೊಂಡು ಹೋಗೋಣ ಅಂತ ಬಂದ್ರೆ ಪಕ್ಕದ ಕುರ್ಚಿಯೋರು, 'ಅಕ್ಕಾ, ತಪ್ಪು ತಿಳ್ಕೋಬೇಡಿ, ಆಮೇಲೆ ಆ ಹುಡುಗಿ ಏನಾದ್ಲು?' ಅಂದ್ರು. ಅಳ್ತಾ ಅಳ್ತಾನೇ ಕೂತು ಮುಗಿಸಿದೆ." ಆಯಾ ಕೆಲಸ ಖಾಲಿಯಿದೆ ಎಂದು ತಿಳಿಸಿದವರೂ ಆ ಕುರ್ಚಿಯವರೇ. "ನಂಗೆ ಅನ್ನ ಕೊಟ್ಟಿದ್ದು ಇಲ್ಲಿ ಕೂತೋರು. ಅವರನ್ನ ಮರೆಯೋಕಾಗುತ್ತಾ?"

ಮೂರು ವಾರದ ಹಿಂದೆ ಮೂರನೇ ಕುರ್ಚಿಯ ನಿವೃತ್ತ ಮೇಷ್ಟ್ರು ಕೈಚೆಲ್ಲಿದ್ದರು. "ಸಾಕಮ್ಮಾ. ಇನ್ನು ಬರಲ್ಲ. ಮಗಳಿಗೂ ಹೇಳಿದ್ದೀನಿ." ಬಾರದಿದ್ದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಯಾ ಬುದ್ಧಿವಾದಕ್ಕೆ ಹೋಗಲಿಲ್ಲ. ಕಾದಂಬರಿಯ ಇನ್‌ಸ್ಪೆಕ್ಟರನಿಗೆ ಮೇಷ್ಟ್ರದೇ ಗತ್ತಿನ ದನಿ ಕೊಟ್ಟು, "ಕೊಲೆಗಾರ ಇದೇ ಮನೆಯಲ್ಲಿದ್ದಾನೆ" ಎಂಬಲ್ಲಿಗೆ ಪುಸ್ತಕ ಮಡಚಿದರು.

ಮುಂದಿನ ಪಾಳಿಗೆ ಮೇಷ್ಟ್ರು ಹಾಜರು. "ಅದೊಂದು ತಿಳ್ಕೊಂಡು ಹೋಗೋಣ ಅಂತ ಬಂದೆ, ಅಷ್ಟೆ," ಎಂದು ಹುಬ್ಬು ಗಂಟಿಕ್ಕಿದರು. ಅಂದಿನಿಂದ ನಲವತ್ತು ಪುಟ ಆರಕ್ಕಿಳಿಯಿತು. ಆಯಾಗೆ ಇದ್ದಕ್ಕಿದ್ದಂತೆ ಕೆಮ್ಮು, ಗಳಿಗೆಗೊಮ್ಮೆ ಕನ್ನಡಕ ಒರೆಸುವ ಕೆಲಸ. ಪುಸ್ತಕದಲ್ಲಿಲ್ಲದ ಮಳೆಯೊಂದನ್ನು ಎರಡು ಪಾಳಿ ಸುರಿಸಿದರು. ಮೇಷ್ಟ್ರು ಒಂದು ದಿನವೂ ತಪ್ಪಿಸಲಿಲ್ಲ. "ಹೆಂಗೆ ಹಿಡಿದಿಟ್ಟೆ ನೋಡಿ," ಎಂದು ನನ್ನ ಕಿವಿಯಲ್ಲಿ ಉಸುರುವಾಗ ಆಯಾ ಮುಖದಲ್ಲಿ ಗೆದ್ದ ಕಳೆ. "ಮುಗಿದ್ಮೇಲೆ ಬರ್ತಾರೋ ಇಲ್ವೋ ಅನ್ನೋದೇ ಭಯ."

ಇಂದು ಎಳೆಯಲು ಇನ್ನು ಪುಟಗಳಿಲ್ಲ. ಗಂಟಲು ಸರಿಮಾಡಿಕೊಂಡು, ಬೆರಳೆತ್ತಿ, "ಕೊಲೆ ಮಾಡಿದವನು..." ಎಂದು ತಡೆಯುತ್ತಾರೆ.

"ತೋಟಗಾರ!" ಹನ್ನೆರಡು ಕುರ್ಚಿಗಳಿಂದಲೂ ಒಂದೇ ಕೂಗು.

ಆಯಾ ಕನ್ನಡಕ ಮೇಲೇರಿಸಿ ಸುತ್ತ ನೋಡುತ್ತಾರೆ. ಮೇಷ್ಟ್ರು ಹೊದಿಕೆಯಡಿಯಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ತೆಗೆಯುತ್ತಾರೆ. ಪುಸ್ತಕ ಮಡಚಿದ ಆ ಮೊದಲ ದಿನವೇ ಮಗಳಿಂದ ತರಿಸಿಕೊಂಡು, ಸಂಜೆಯೊಳಗೆ ಮುಗಿಸಿ, ಕುರ್ಚಿಯಿಂದ ಕುರ್ಚಿಗೆ ಗುಟ್ಟು ದಾಟಿಸಿದ್ದಾರೆ.

"ಎಂಥಾ ಮಳೆ ಸುರಿಸಿದೆಯಮ್ಮಾ! ಇಡೀ ಪುಸ್ತಕ ಹುಡುಕಿದೆ, ಒಂದು ಹನಿ ಇಲ್ಲ."

"ಅಯ್ಯೋ ಮೇಷ್ಟ್ರೇ, ಎಲ್ಲಾ ಗೊತ್ತಿತ್ತಾ? ಮತ್ಯಾಕೆ ಬಂದ್ರಿ?"

"ಮನೇಲಿ ಒಬ್ನೇ ಓದಿದ್ರೆ ಆ ಇನ್‌ಸ್ಪೆಕ್ಟರ್ ಬಾಯೇ ಬಿಡಲ್ಲ ಕಣಮ್ಮಾ. ಮುಂದಿನ ಪುಸ್ತಕ ಯಾವ್ದು, ಅದು ಹೇಳು."

ಕೋಣೆಯೇ ನಗುತ್ತದೆ. "ಯಾರೂ ತೋಳು ಆಡಿಸ್ಬೇಡಿ!" ಎಂದು ಹೆಡ್ ನರ್ಸ್ ಓಡಿಬರುತ್ತಾರೆ. ಅವರ ಗದರಿಕೆಯನ್ನೂ ಯಂತ್ರಗಳ ಕೀಂಯ್ ಕೀಂಯನ್ನೂ ಮೀರಿ ಒಂದು ನಗು ಕಾರಿಡಾರಿನವರೆಗೂ ಕೇಳುತ್ತಿದೆ. ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು, ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿರುವವರು, ಮೂರು ವಾರ ಏಮಾರಿದ ನಮ್ಮ ಆಯಾ.