ಎರಡು ಸಾಲು ಸಂತ್ರಾ ಗಿಡ

ಮೊನ್ನೆ ಟ್ರ್ಯಾಕ್ಟರ್ ಸೀಟಿನ ಕೆಳಗೆ ಮರೆತಿದ್ದ ಊಟದ ಡಬ್ಬಿ ಸಿಕ್ಕಿತು. ಮೂರು ದಿನದ ಮಳೆ, ಮೂರು ದಿನದ ಅನ್ನ. ಮುಚ್ಚಳ ತೆಗೆದರೆ ಒಳಗೆ ಹತ್ತಿಯಂಥ ಬಿಳಿ ಬೂಷ್ಟು, ಒದ್ದೆ ಗೋಡೆಯ ವಾಸನೆ. "ಜಲ್ದಿ ಚೆಲ್ಲಿ ಬರ್ರಿ, ಮನೀ ತುಂಬ ನಾರತೈತಿ" ಎಂದಳು ಹೆಂಡತಿ. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಅದು ನಮ್ಮ ಅಕ್ಕೋರ ಅಡುಗೆಮನೆಯ ವಾಸನೆ...

ಶಾಲೆ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಧಾರವಾಡದಿಂದ ನಾಗಪುರಕ್ಕೆ ಸೊಸೆಯಾಗಿ ಬಂದವರು, ಲಕ್ಷ್ಮೀ ನಗರದಲ್ಲಿ ಮನೆ. ಏಳನೇ ಇಯತ್ತೆಯಲ್ಲಿ ನನಗೆ ವಿಜ್ಞಾನ ಕಲಿಸಿದರು. ನಮ್ಮ ಕಡೆಯಿಂದ ನಾಗಪುರದ ರೈಲ್ವೆ ಗ್ಯಾಂಗಿಗೆ ಬಂದಿದ್ದ ಅಪ್ಪನ ಕಾಲು ಮುರಿದ ವರ್ಷ ನಾನು ಶಾಲೆ ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಮೂವತ್ತು ತುಂಬುವುದರೊಳಗೆ ಸ್ವಂತ ಪಂಪು, ಸ್ವಂತ ಡ್ರಮ್ಮು ಮಾಡಿಕೊಂಡು ಕಾಟೋಲ್ ರಸ್ತೆಯ ಸಂತ್ರಾ, ಅಂದರೆ ಕಿತ್ತಳೆ ತೋಟಗಳಿಗೆ ಔಷಧ ಹೊಡೆಯತೊಡಗಿದ್ದೆ. ನಾನು ಹೊಡೆದರೆ ಎಲೆಯ ಬೆನ್ನೂ ತೊಯ್ಯುತ್ತಿತ್ತು. ಬೇಕಾದರೆ ಆ ಕಡೆ ಯಾರನ್ನಾದರೂ ಕೇಳಿ.

ಅಕ್ಕೋರ ಯಜಮಾನರು ನೆಟ್ಟ ತೋಟ ಆ ರಸ್ತೆಯಲ್ಲೇ ಇತ್ತು. ಅವರು ತೀರಿಕೊಂಡ ಮೇಲೆ ಅದು ಅಕ್ಕೋರಿಗೂ ಅವರ ಮೈದುನನಿಗೂ ಕೂಡಿ ಸೇರಿತ್ತು. ಗಿಡಗಳಿಗೆ ಕೋಳಶಿ ಬಿದ್ದಿತ್ತು. ಎಲೆಯ ಬೆನ್ನಿಗೆ ಕೂತು ರಸ ಹೀರುವ ಸಣ್ಣ ಕರಿ ನೊಣ ಅದು. ಅದು ಸುರಿಸುವ ಅಂಟಿಗೆ ಮಸಿ ಹತ್ತಿ, ಉಮರೇಡಿನ ಕಲ್ಲಿದ್ದಲು ಲಾರಿಗಳು ಹಾದುಹೋದಂತೆ ತೋಟವೆಲ್ಲ ಕಪ್ಪಾಗಿತ್ತು. ಎರಡು ವರ್ಷ ಕಡಕ್ ಔಷಧ ಹೊಡೆದೆವು. ಹೊಡೆದಷ್ಟೂ ತಿರುಗಿ ಬಂತು.

"ಈ ಮಳಿಗಾಲ ಕಡೀದು, ವೈನಿ. ಗಿಡ ಸುಧಾರಿಸಲಿಲ್ಲಂದ್ರ ಕಿತ್ತಿಸಿ ಪ್ಲಾಟ್ ಹಾಕೂದ" ಎಂದುಬಿಟ್ಟ ಮೈದುನ.

ಆಗ ಅಕ್ಕೋರು ಅಡುಗೆಮನೆಯಲ್ಲಿ ಕೆಲಸ ಹೂಡಿದರು. ಕುಕ್ಕರಿನಲ್ಲಿ ಅಕ್ಕಿ ಬೇಯಿಸಿ, ಚೀಲಕ್ಕೆ ತುಂಬಿ, ಪರಿಚಯದವರಿಂದ ತಂದ ಬೂಷ್ಟಿನ ಬೀಜ ಬೆರೆಸಿ, ಬಾಯಿಗೆ ಹತ್ತಿ ತುರುಕಿ ಇಡುತ್ತಿದ್ದರು. ಹತ್ತು ಹನ್ನೆರಡು ದಿನಕ್ಕೆ ಅನ್ನವೆಲ್ಲ ಬೆಳ್ಳಗಾಗುತ್ತಿತ್ತು. ಈ ಬೂಷ್ಟು ನೊಣದ ಮೈಮೇಲೆ ಬೆಳೆದು ನೊಣವನ್ನೇ ಕೊಲ್ಲುತ್ತದೆ, ಗಿಡಕ್ಕೂ ಮನುಷ್ಯರಿಗೂ ತೊಂದರೆಯಿಲ್ಲ ಎಂದು ನನಗೆ ತಿಳಿಸಿ ಹೇಳಿದರು.

ಮೈದುನ ಬಾಗಿಲಲ್ಲಿ ನಿಂತು ನಕ್ಕ. "ಹಳಸಿದ ಅನ್ನ ಚೆಲ್ಲೂದು ಬಿಟ್ಟು ಗಿಡಕ್ಕ ನೈವೇದ್ಯ ಮಾಡ್ತೀರೇನ್ರಿ, ವೈನಿ?"

"ನಗ್ರಿ, ನಗ್ರಿ. ನೊಣ ಸತ್ತ ದಿವಸ ನಿಮಗೂ ಒಂದ ತಾಟ ಬಡಿಸ್ತೀನಿ" ಎಂದರು ಅಕ್ಕೋರು.

ಹೊಡೆಯುವ ದಿನ ಸಂಜೆ, ಮೋಡ ಕವಿದಿತ್ತು. ಬೂಷ್ಟು ಹತ್ತಿದ ಅನ್ನ ತೊಳೆದ ಬಿಳಿ ನೀರನ್ನು ಅವರೇ ಸೋಸಿ ಡ್ರಮ್ಮಿಗೆ ಹಾಕಿದರು.

"ತಮ್ಮಾ, ಬರೇ ಇದನ್ನಷ್ಟ ಹೊಡಿ. ಬ್ಯಾರೆ ಏನೂ ಕೂಡಿಸಬ್ಯಾಡ."

"ಆತ್ರಿ ಅಕ್ಕೋರೇ. ಪಂಪ್ ಹಿಡದು ಹನ್ನೆರಡ ವರ್ಷ ಆತು ನಾ."

"ಅದಕ್ಕ ನನಗ ಅಂಜಿಕಿ" ಎಂದು ನಕ್ಕರು.

ಮೊದಲ ಡ್ರಮ್ಮು ಎರಡು ಸಾಲಿಗೆ ಮುಗಿಯಿತು. ಹನಿ ಶುರುವಾಗಿತ್ತು. ನಾನೇ ಒತ್ತಾಯ ಮಾಡಿ ಅವರನ್ನು ಆಟೋ ಹತ್ತಿಸಿದೆ, "ನಾ ಅದೀನಲ್ರಿ" ಎಂದು. ತಿರುಗಿ ಬಂದು ನೋಡಿದರೆ ಗಿಡಗಳ ಬುಡದಲ್ಲಿ ಅಂಟು ಸೋರುತ್ತಿತ್ತು. ಮಳೆಗಾಲದ ರೋಗ ಅದು. ಅದಕ್ಕೆ ನಾವು ಹೊಡೆಯುವುದು ಮೈಲುತುತ್ತ, ಸುಣ್ಣ. ಎರಡೂ ನನ್ನ ಹತ್ತಿರ ಇದ್ದವು. ಒಂದೇ ಸುತ್ತಿನಲ್ಲಿ ಎರಡು ಕೆಲಸ, ಅಕ್ಕೋರಿಗೆ ಉಪಕಾರವಾದೀತು ಎಂದುಕೊಂಡು ಎರಡನೇ ಡ್ರಮ್ಮಿನಿಂದ ಅವರ ಬಿಳಿ ನೀರಿಗೆ ಎರಡನ್ನೂ ಕೂಡಿಸಿದೆ. ಅವರು ಬೇಡವೆಂದದ್ದು ಓದಿದವರ ಅತಿ ಜಾಗ್ರತೆ ಅನ್ನಿಸಿತ್ತು. ಇಡೀ ತೋಟ ತೊಯ್ಯಿಸಿ ಹೆಮ್ಮೆಯಿಂದ ಮನೆಗೆ ಹೋದೆ.

ಮೂರು ವಾರದ ಮೇಲೆ ಇಬ್ಬರೂ ಹೋಗಿ ನೋಡಿದೆವು. ಮೊದಲ ಎರಡು ಸಾಲಿನಲ್ಲಿ ಎಲೆ ತಿರುವಿದರೆ ಪ್ರತಿ ನೊಣದ ಮೇಲೂ ಬಿಳಿ ನವಿರು. ಹೊಸ ಚಿಗುರು ಹಸಿರಾಗಿ ಬಂದಿತ್ತು. ಅಕ್ಕೋರು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಿಂದ ಎಲ್ಲ ಮೊದಲಿನ ಹಾಗೇ ಕಪ್ಪು.

ನನಗೆ ಅಲ್ಲೇ ತಿಳಿಯಿತು. ಮೈಲುತುತ್ತ ಹೊಡೆಯುವುದೇ ಬೂಷ್ಟು ಕೊಲ್ಲಲಿಕ್ಕೆ. ಹನ್ನೆರಡು ವರ್ಷದಿಂದ ಗೊತ್ತಿದ್ದ ಮಾತು. ಡ್ರಮ್ಮಿಗೆ ಬಿದ್ದದ್ದೆಲ್ಲ ಔಷಧ ಎಂದುಕೊಂಡಿದ್ದೆ, ಅಕ್ಕೋರು ಕೊಟ್ಟಿದ್ದು ಜೀವ ಇದ್ದದ್ದು ಎಂದು ಹೊಳೆಯಲೇ ಇಲ್ಲ...

"ಇಲ್ಲಿ ನೆರಳು ಜಾಸ್ತಿ ಐತೇನೋ? ಉಳಿದ ಚೀಲದಾಗ ನಾನೇ ಏನರೆ ತಪ್ಪು ಮಾಡಿದೆನೇನೋ?" ಅವರು ಗಿಡದಿಂದ ಗಿಡಕ್ಕೆ ಹೋಗುತ್ತಾ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ನಾನು ಹಿಂದೆ ಹಿಂದೆ ನಡೆದೆ. ಎರಡು ಸಾಲು ಹಸಿರಾದದ್ದು ದೈವ ಎಂದು ಮೈದುನ ತಳ್ಳಿಹಾಕಿದ. ನಾನು ಒಂದು ಮಾತು ಹೇಳಿದ್ದರೆ ಇನ್ನೊಂದು ವರ್ಷ ಕೊಡುತ್ತಿದ್ದನೋ ಏನೋ.

ಹೇಳಲೆಂದೇ ಒಂದು ದಿನ ಮನೆಗೆ ಹೋದೆ. "ಅಕ್ಕೋರೇ, ಆ ದಿವಸ ನಾ..." ಎಂದು ಮಾತು ತೆಗೆದೆ.

"ನೀ ಯಾಕ ಮನಸ್ಸಿಗೆ ಹಚ್ಚಿಕೋತಿ ತಮ್ಮಾ? ನಾ ಹೇಳಿದಂಗ ಬರೋಬರ್ ಮಾಡಿದಾಂವ ನೀ ಒಬ್ಬಾಂವ. ನನ್ನ ಅನ್ನಾನ ಕೆಟ್ಟಿತ್ತು."

ಚಹಾ ಕುಡಿದು ಎದ್ದು ಬಂದೆ.

ದೀಪಾವಳಿಯ ನಂತರ ಜೆಸಿಬಿ ಬಂತು. ಹಸಿರಾದ ಎರಡು ಸಾಲನ್ನೂ ಬಿಡಲಿಲ್ಲ. ಅಕ್ಕೋರು ನೋಡಲು ಬರಲಿಲ್ಲ. ಅಡುಗೆಮನೆಯಲ್ಲಿ ಮತ್ತೆ ಆ ಚೀಲ ಇಡಲೂ ಇಲ್ಲ. ಎರಡು ವರ್ಷದ ಮೇಲೆ ಹೋಗಿಬಿಟ್ಟರು. ಆ ಸುದ್ದಿ ನನಗೆ ತಿಳಿದದ್ದು ಹದಿಮೂರನೇ ದಿನಕ್ಕೆ.

ಈಗ ಆ ಬೂಷ್ಟು ಪುಡಿಯಾಗಿ ಅಂಗಡಿಯಲ್ಲೇ ಸಿಗುತ್ತದೆ. ನಿನ್ನೆ ಹೊಸದಾಗಿ ತೋಟ ಮಾಡಿದವನೊಬ್ಬ ಕರೆಸಿದ್ದ. ಯಾವ ಹೊತ್ತಿಗೆ ಹೊಡೆಯಬೇಕು, ಯಾವುದರ ಜೊತೆ ಕೂಡಿಸಬಾರದು ಎಂದು ನಾನು ಹೇಳುವುದನ್ನು ಬಾಯಿ ಬಿಟ್ಟು ಕೇಳಿದ. "ಇಷ್ಟೆಲ್ಲ ಯಾರು ಕಲಿಸಿದರು, ಕಾಕಾ?" ಎಂದ ಮರಾಠಿಯಲ್ಲಿ.

"ನಮ್ಮ ಶಾಲೆಯ ಬಾಯಿ" ಎಂದೆ. ಅಕ್ಕೋರಿಗೆ ಮರಾಠಿಯಲ್ಲಿ ಬಾಯಿ ಅನ್ನುತ್ತಾರೆ.

"ಅವರ ತೋಟ ಎಲ್ಲಿದೆ? ಒಮ್ಮೆ ಕರೆದುಕೊಂಡು ಹೋಗಿ, ನೋಡಬೇಕು."

ನಾನು ಪಂಪು ಚಾಲೂ ಮಾಡಿದೆ. ಅದರ ಸದ್ದಿನಲ್ಲಿ ಅವನು ಮತ್ತೆ ಏನೋ ಕೇಳಿದ. ಕೇಳಿಸದವನಂತೆ ಪೈಪು ಎಳೆದುಕೊಂಡು ಸಾಲಿನೊಳಗೆ ಹೋದೆ.