ಮೊದಲು ಬಂದವರು ಕಾಯಬೇಕು

ನನ್ನ ಗಂಡ ಲಿಫ್ಟ್ ನಡೆಸುತ್ತಿದ್ದರು. ಬಟ್ಟೆ ವ್ಯಾಪಾರದ ದೊಡ್ಡ ಕಟ್ಟಡ. ಗುಂಡಿಗಳ ಪಕ್ಕ ಒಂದು ಸ್ಟೂಲು, ತಲೆಯ ಮೇಲೆ ತಿರುಗದ ಫ್ಯಾನು. ಬೆಳಗಿನಿಂದ ಸಂಜೆಯವರೆಗೆ ಮೇಲೆ ಹೋಗುವುದು, ಕೆಳಗೆ ಬರುವುದು. ಇಷ್ಟು ವರ್ಷ ಓಡಾಡಿದೆ, ಒಂದು ಊರೂ ನೋಡಲಿಲ್ಲ ಎಂದು ನಗುತ್ತಿದ್ದರು. ಮನೆಗೆ ಬಂದರೆ, ಜನರ ಬೆನ್ನು ನೋಡಿ ಸಾಕಾಗಿದೆ, ನಿನ್ನ ಮುಖವಾದರೂ ಈ ಕಡೆ ತಿರುಗಿಸು ಎನ್ನುತ್ತಿದ್ದರು. ನಾನು ಒಲೆಯ ಕಡೆಗೇ ತಿರುಗಿರುತ್ತಿದ್ದೆ.

ರಜೆಯ ದಿನ ಬೆಟ್ಟದ ದೇವಸ್ಥಾನ. ಊರ ನಡುವೆಯೇ ಬೆಟ್ಟ, ಸುತ್ತ ಬಸ್ಸು, ಅಂಗಡಿ, ಹೊಗೆ. ಅಲ್ಲೂ ಲಿಫ್ಟ್ ಹಾಕಿದರು. ನನಗೆ ಮಂಡಿನೋವು, ನಾನು ಅದರಲ್ಲಿ ಹೋಗುತ್ತಿದ್ದೆ. ಅವರು ಮೆಟ್ಟಿಲು ಬಿಡಲಿಲ್ಲ. ರಜೆಯಲ್ಲೂ ಡಬ್ಬಿಯೊಳಗೆ ನಿಲ್ಲುವುದಾದರೆ ರಜೆ ಯಾಕೆ ಎಂದರು. ಮೊದಲು ಬಂದವರು ಕಾಯಬೇಕು, ಒಬ್ಬರೇ ಗುಡಿಯೊಳಗೆ ಹೋಗಬಾರದು ಎಂದು ಮಾತಾಯಿತು. ಯಾವಾಗಲೂ ನಾನೇ ಮೊದಲು. ಮೆಟ್ಟಿಲ ತುದಿಯಲ್ಲಿ ನಿಂತು, "ಬಂತಾ ಸವಾರಿ?" ಎನ್ನುತ್ತಿದ್ದೆ.

"ಒಂದೇ ಉಸಿರಿಗೆ ಹತ್ತಿದೆ ಕಣೇ," ಎನ್ನುತ್ತಿದ್ದರು.

ಒಂದು ದಿನ ಕೆಲಸದಲ್ಲಿ ಎದೆನೋವೆಂದು ಆ ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಆಮೇಲೆ ನಾನು ಬೆಟ್ಟಕ್ಕೆ ಹೋಗಲಿಲ್ಲ. ದೇವರ ಮುಖ ನೋಡಿ ಬಾಮ್ಮ, ಮನಸ್ಸು ಹಗುರಾಗುತ್ತದೆ ಎಂದು ಮಗಳು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಒಬ್ಬಳೇ ಒಳಗೆ ಹೇಗೆ ಹೋಗಲಿ? ಅದನ್ನು ಅವಳಿಗೆ ಹೇಳಲಿಲ್ಲ.

ಕೊನೆಗೆ ಒಂದು ದಿನ ಹೋದೆ. ಲಿಫ್ಟಿನಿಂದ ಇಳಿದೆ. ಕಾಲು ತಾನಾಗಿಯೇ ಮೆಟ್ಟಿಲ ತುದಿಗೆ ಹೋಯಿತು. ನಿಂತೆ. ಯಾರು ಯಾರೋ ಹತ್ತಿ ಬಂದರು. ಬಾಗಿಲು ಅಲ್ಲೇ ಇತ್ತು, ಹೋಗಲಾಗಲಿಲ್ಲ.

ಬೆಟ್ಟದ ಲಿಫ್ಟಿನವನು ನೋಡಿದ. ಒಂದೇ ಕೆಲಸದವರೆಂದು ಅವನಿಗೂ ನಮ್ಮವರಿಗೂ ಸಲಿಗೆ. ಡಬ್ಬಿರಾಜ ಎಂದು ಅವನನ್ನು ರೇಗಿಸುತ್ತಿದ್ದರು. ಹತ್ತಿರ ಬಂದು ಕೇಳಿದ: "ಯಜಮಾನ್ರು ಇನ್ನೂ ಬರ್ಲಿಲ್ವಾ ಅಮ್ಮಾ?"

"ಬರಲ್ಲಪ್ಪ. ತೀರಿಕೊಂಡ್ರು."

ಅವನು ಮೆಟ್ಟಿಲ ಕೆಳಗೆ ಕೈ ತೋರಿಸಿದ. "ಆ ಕೊನೇ ತಿರುವಲ್ಲಿ ಒಂದು ಕಲ್ಲಿದೆ. ಅಲ್ಲಿ ಕೂರೋರು. ಲಿಫ್ಟಿನ ಗಾಜಿಂದ ಕಾಣ್ತಿತ್ತು. ಬೆವರು ಒರೆಸ್ಕೊಂಡು, ಉಸಿರು ಸರಿ ಮಾಡ್ಕೊಂಡು ಆಮೇಲೆ ಬರೋರು. ನಮ್ಮವಳಿಗೆ ಹೇಳಿದ್ರೆ ನೋಡು ಅಂದಿದ್ರು."

ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ.

ಕಂಬಿ ಹಿಡಿದು ಕೆಳಗಿಳಿದೆ. ಮಂಡಿ ಹಿಡಿಯಿತು. ಕಲ್ಲು ಸಿಕ್ಕಿತು, ಕೂತವರಿಂದ ಸವೆದು ನುಣ್ಣಗಾಗಿತ್ತು. ನಾನೂ ಕೂತೆ. ಕತ್ತೆತ್ತಿ ನೋಡಿದರೆ ಗೋಡೆ ಅಡ್ಡ. ಮೇಲೆ ನಾನು ನಿಲ್ಲುತ್ತಿದ್ದ ಜಾಗ ಅಲ್ಲಿಂದ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಕೂರುತ್ತಿದ್ದರು. ಕೆಳಗೆ ಇಡೀ ಊರು ಹಾರ್ನ್ ಹೊಡೆಯುತ್ತಿತ್ತು.

ಉಸಿರು ಸರಿಯಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹತ್ತಿದೆ. ಇಬ್ಬರಲ್ಲಿ ಒಬ್ಬರು ಮೆಟ್ಟಿಲಲ್ಲಿ ಬರಬೇಕಿತ್ತು, ಬಂದೆ. ತುದಿಯಲ್ಲಿ ಯಾರೂ ನಿಂತಿರಲಿಲ್ಲ. ಬಂತಾ ಸವಾರಿ ಎಂದು ಯಾರೂ ಕೇಳಲಿಲ್ಲ. ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ಒಳಗೆ ಹೋದೆ. ದೇವರ ಮುಂದೆ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ನಿಂತೆ. ನೂಕುನುಗ್ಗಲಿತ್ತು. ಹಿಂದಿನವರು ಸ್ವಲ್ಪ ಸರೀರಿ ಎಂದು ಬಂದು ಅಲ್ಲಿ ನಿಂತರು.

ಸರಿದೆ.